ಗೇಟಿನಿಂದ ನೇರಳೆ ಮರದವರೆಗೆ

ಮಧ್ಯಾಹ್ನ ಮುದ್ದೆ ಉಂಡು ಗೋಡೆಗೆ ಒರಗಿದರೆ ಸಾಕು, ಅಮ್ಮಯಮ್ಮನಿಗೆ ಅದೇ ಕನಸು. ತೋಪಿನ ನೇರಳೆ ಮರ. ಹಣ್ಣು ಒಂದೊಂದಾಗಿ ಬೀಳುತ್ತಿವೆ, ಸದ್ದೇ ಇಲ್ಲ. ಗೇಟಿನ ಕಡೆಯಿಂದ ಗೆಳತಿ ರುಕ್ಮಿಣಮ್ಮ ಸೆರಗು ಸಿಕ್ಕಿಸಿಕೊಂಡು ನಡೆದು ಬರುತ್ತಾಳೆ. ಬರುತ್ತಾಳೆ, ಬರುತ್ತಾಳೆ, ಬರುತ್ತಲೇ ಇರುತ್ತಾಳೆ. ಮರದ ಹತ್ತಿರ ಮಾತ್ರ ಮುಟ್ಟುವುದಿಲ್ಲ. "ಬಾರೇ ಬೇಗ" ಎಂದು ಕೂಗುವಷ್ಟರಲ್ಲಿ ಎಚ್ಚರವಾಗುತ್ತದೆ.

"ಯಾರ್ನೇ ಕರೀತಿದ್ದೆ ನಿದ್ದೇಲಿ?" ಎಂದು ಗಂಡ ಪಿಳ್ಳಪ್ಪ ಕೇಳುತ್ತಾನೆ.

"ನಿಮ್ಮನ್ನಂತೂ ಅಲ್ಲ ಬುಡಿ" ಎನ್ನುತ್ತಾಳೆ ಅಮ್ಮಯಮ್ಮ.

ಅವರ ಊರು ತೋಪಿನಪಾಳ್ಯ, ದೊಡ್ಡಬಳ್ಳಾಪುರದಿಂದ ಸಾಸಲಿಗೆ ಹೋಗುವ ಕಡೆ. ಊರಿನ ಹಿರಿಯರು ಎಂದೋ ನೆಟ್ಟ ಗುಂಡುತೋಪಿಗೆ ಪಂಚಾಯಿತಿಯವರು ಬೇಲಿ ಹಾಕಿ, ದಾರಿ ಮಾಡಿ, ನಾಲ್ಕು ಕಲ್ಲುಬೆಂಚು ಇಟ್ಟು "ಸಾರ್ವಜನಿಕ ಉದ್ಯಾನವನ" ಎಂದು ಬೋರ್ಡು ನೆಟ್ಟಿದ್ದರು. ಬೋರ್ಡು ಏನೇ ಹೇಳಲಿ, ಜನರ ಬಾಯಲ್ಲಿ ಅದು ಇವತ್ತಿಗೂ ತೋಪೇ.

ಆ ತೋಪಿನ ನೇರಳೆ ಮರದ ಕೆಳಗೆ ಅಮ್ಮಯಮ್ಮ, ರುಕ್ಮಿಣಮ್ಮ ನಲವತ್ತು ವರ್ಷ ಕೂತಿದ್ದಾರೆ. ಹೊಸ ಸೊಸೆಯರಾಗಿ ಬಂದಾಗ ಹೊಂಗೆಕಾಯಿ ಆಯುತ್ತಾ ಶುರುವಾದ ಮಾತು ಇನ್ನೂ ಮುಗಿದಿಲ್ಲ. ಅಮ್ಮಯಮ್ಮನ ಮನೆ ಮೇಲಿನ ಬೀದಿಯಲ್ಲಿ, ರುಕ್ಮಿಣಮ್ಮನದು ಊರಾಚೆಯ ಕಾಲೋನಿಯಲ್ಲಿ. ಒಬ್ಬರ ಮನೆಗೆ ಒಬ್ಬರು ಹೋಗಿ ಕೂತ ಬಳಕೆಯೇ ಇಲ್ಲ. ಯಾಕೆ ಎಂದು ಕೇಳಿದರೆ ಊರಿನಲ್ಲಿ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಅವರಿಬ್ಬರೂ ಜೊತೆಯಾಗಿ ಕೂರಲು ಈ ಭೂಮಿಯ ಮೇಲೆ ಇದ್ದ ಜಾಗ ಅದೊಂದೇ, ಆ ಮರದ ಕೆಳಗಿನ ಬೆಂಚು.

ಒಂದು ದೀಪಾವಳಿ ಕಳೆದ ಮೇಲೆ ರುಕ್ಮಿಣಮ್ಮನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದಳು. ಒಂದು ಸಂಜೆ ಅವಳ ಸೊಸೆ ಪ್ರಮೋದಾ ಕುರ್ಚಿ ತಳ್ಳಿಕೊಂಡು ತೋಪಿನವರೆಗೂ ಕರೆತಂದಳು. ಎದುರಿಗೆ ಎರಡು ಮೆಟ್ಟಿಲು. ಮೆಟ್ಟಿಲ ಮೇಲೆ ಕಬ್ಬಿಣದ ಸುತ್ತುಗೇಟು, ಒಬ್ಬರು ಮೈ ಓರೆ ಮಾಡಿಕೊಂಡು ನುಸುಳಬೇಕು. ಗೇಟಿನಿಂದ ನೇರಳೆ ಮರಕ್ಕೆ ಮೂವತ್ತೇ ಹೆಜ್ಜೆ.

ಅಮ್ಮಯಮ್ಮ ಒಳಗೆ, ರುಕ್ಮಿಣಮ್ಮ ಹೊರಗೆ. ಕಂಬಿಯ ಸಂದಿಯಿಂದ ಐದು ನಿಮಿಷ ಮಾತಾಡಿದರು.

"ಹೋಗ್ಲಿ ಬುಡು ಅಮ್ಮಯ್ಯಕ್ಕ, ಗಾಳಿ ಇಲ್ಲೀಗಂಟ ಬರ್ತದೆ" ಎಂದಳು ರುಕ್ಮಿಣಮ್ಮ. ಆಮೇಲೆ ಅವಳು ಬರಲೇ ಇಲ್ಲ.

ಅಮ್ಮಯಮ್ಮನ ಎದೆಯಲ್ಲಿ ಇನ್ನೊಂದು ಮುಳ್ಳು ಮುರಿದಿತ್ತು. ಆ ಗೇಟು ಬಂದದ್ದೇ ಅವಳಿಂದ! ಮೂರು ವರ್ಷದ ಹಿಂದೆ ಬೆಂಚಿನ ಸುತ್ತ ಅವಳು ನೆಟ್ಟಿದ್ದ ಕನಕಾಂಬರವನ್ನು ಮೇಕೆಗಳು ಬುಡಸಮೇತ ಮೇಯ್ದಿದ್ದವು. ಹೆಂಡತಿಯ ಮುಖ ನೋಡಲಾರದೆ ಪಿಳ್ಳಪ್ಪ ಗ್ರಾಮಸಭೆಯಲ್ಲಿ ಎದ್ದು ನಿಂತು, "ಮೇಕೆ ಹಂಗಿರ್ಲಿ, ಬೆಕ್ಕೂ ನುಗ್ಗಬಾರ್ದು, ಅಂಥ ಗೇಟು ಹಾಕ್ಸಿ" ಎಂದು ಗುಡುಗಿದ್ದ. ಸಭೆಗೆ ಬಂದವರೇ ಹದಿನಾರು ಜನ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ಅಮ್ಮಯಮ್ಮನೂ ತಟ್ಟಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಪ್ರಮೋದಾ ಒಂದು ಕಟ್ಟು ಹಾಳೆ ಹಿಡಿದು ಮೇಲಿನ ಬೀದಿಗೆ ಬಂದಳು. ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು ಅವಳೇ.

"ಗೌಡ್ರೇ, ತೋಪನ್ನ ಹೊಸದಾಗಿ ಮಾಡ್ತಾರಂತೆ. ನಕ್ಷೆ ಲೈಬ್ರರೀಲಿ ಅಂಟ್ಸಿದೀವಿ. ಏನಿರಬೇಕು, ಏನು ಬ್ಯಾಡ ಅಂತ ಊರೋರು ಹೇಳ್ಬೇಕು. ಶನಿವಾರ ತೋಪಿನಲ್ಲೇ ಸಭೆ. ಈ ಹಾಳೇಲಿ ನಿಮ್ಮ ಅಭಿಪ್ರಾಯ ಬರ್ಕೊಡಿ."

ಪಿಳ್ಳಪ್ಪ ಹಾಳೆಯನ್ನು ಕಣ್ಣಲ್ಲೇ ಅಳೆದ. ಕೈ ಮಾತ್ರ ಚಾಚಲಿಲ್ಲ.

"ಸಹಿ ಹಾಕ್ಬೇಕಾ?"

"ಇಷ್ಟ ಇದ್ರೆ."

"ಏ, ನಡಿಯವ್ವ ನಡಿ! ನಮ್ಮ ದೊಡ್ಡಪ್ಪನ ಮಗ ಹಿಂಗೇ ಯಾವ್ದೋ ಹಾಳೆಗೆ ಹೆಬ್ಬೆಟ್ಟು ಒತ್ತಿದ. ಎರಡು ವರ್ಷಕ್ಕೆ ಅವನ ಹೊಲದ ನಡುಮಧ್ಯ ಕಲ್ಲು ನೆಟ್ಟು ಹೋದ್ರು. ಇವತ್ತು ಪಾರ್ಕು ಅಂತೀರಿ, ನಾಳೆ ಹೊಲ ಅಂತೀರಿ."

ಈ ಸೀಮೆಯಲ್ಲಿ ಹಾಳೆ ಕಂಡರೆ ಬೆಚ್ಚುವವನು ಪಿಳ್ಳಪ್ಪ ಒಬ್ಬನೇ ಅಲ್ಲ. ನಾಲ್ಕು ದಿನದಿಂದ ಪ್ರಮೋದಾ ತಿರುಗಿದ ಮನೆಗಳಲ್ಲೆಲ್ಲ ಇದೇ ಹಾಡು. ಆದರೂ ಅವಳು ಬೇಸರ ಮಾಡಿಕೊಳ್ಳಲಿಲ್ಲ.

"ನೀವು ಹೆದರೋದು ಸರಿನೇ ಗೌಡ್ರೇ. ಓದ್ದೆ ಯಾವ ಹಾಳೆಗೂ ಸಹಿ ಹಾಕ್ಬಾರ್ದು. ಓದ್ತೀನಿ ಕೇಳಿ. ಇದ್ರಲ್ಲಿ ಪಹಣಿ ನಂಬರಿಲ್ಲ, ಆಧಾರ್ ನಂಬರಿಲ್ಲ. ಮೂರೇ ಪ್ರಶ್ನೆ. ಪಾರ್ಕಿಗೆ ನಿಮ್ಮನೇಲಿ ಯಾರು ಬರ್ತೀರಿ? ಬರೋಕಾಗದೋರು ಯಾರು, ಯಾಕೆ? ಏನು ಸರಿ ಮಾಡ್ಬೇಕು? ಬರೆಯೋಕೆ ಬರ್ದಿದ್ರೆ ಬಾಯಲ್ಲಿ ಹೇಳಿ, ನಾನು ಬರ್ಕೊಂಡು ತಿರುಗಿ ಓದಿ ಹೇಳ್ತೀನಿ. ಪಂಚಾಯಿತಿ ಸೀಲು ಹಾಕ್ಸಿ ಒಂದು ನಕಲು ನಿಮ್ಮ ಕೈಗೇ ಕೊಡ್ತೀನಿ."

"ಬರೋಕಾಗದೋರು ಯಾರು" ಎಂಬ ಮಾತು ಒಳಗೆ ಕಡಲೆಕಾಯಿ ಸುಲಿಯುತ್ತಿದ್ದ ಅಮ್ಮಯಮ್ಮನ ಕಿವಿಗೆ ಬಿತ್ತು. ಅವಳ ಕೈ ನಿಂತಿತು.

"ಬರ್ಕೊಟ್ರೆ ಏನ್ ಬಂತು? ನಮ್ಮಂಥೋರು ಹೇಳಿದ್ದು ಯಾವ ಕಾಲಕ್ಕೆ ಕೇಳವ್ರೆ?" ಎಂದ ಪಿಳ್ಳಪ್ಪ.

ಅಮ್ಮಯಮ್ಮ ಮೊರ ಸಮೇತ ಹೊರಗೆ ಬಂದಳು.

"ಕೇಳಿದ್ರಲ್ಲ! ನೀವು ಹೇಳಿದ್ದ ಕೇಳ್ಕೊಂಡೇ ಅಲ್ವಾ ಆ ಹಾಳು ಗೇಟು ಹಾಕಿದ್ದು? ಬೆಕ್ಕೂ ನುಗ್ಗಬಾರ್ದು ಅಂದ್ರಿ. ಈಗ ನನ್ನ ರುಕ್ಕೀನೂ ನುಗ್ಗಂಗಿಲ್ಲ. ಇನ್ನೂ ಯಾರು ಕೇಳ್ಬೇಕಿತ್ತು ನಿಮ್ಮ ಮಾತ?"

ಪಿಳ್ಳಪ್ಪ ಟವೆಲು ಕೊಡವಿದ, ಮತ್ತೆ ಹೆಗಲ ಮೇಲೆ ಹಾಕಿಕೊಂಡ, ಮತ್ತೆ ಕೊಡವಿದ.

"ಬರಿಯೇ ಪ್ರಮೋದಾ" ಎಂದಳು ಅಮ್ಮಯಮ್ಮ. "ಗೇಟು ಅಗಲ ಮಾಡ್ಬೇಕು. ಮೆಟ್ಲು ತೆಗ್ದು ಇಳಿಜಾರು ಮಾಡ್ಬೇಕು. ಅಷ್ಟೇ."

ಪ್ರಮೋದಾ ಪೆನ್ನು ತೆಗೆದವಳು ಬರೆಯಲಿಲ್ಲ. "ನಮ್ಮತ್ತೆಗೆ ಅಷ್ಟೇ ಸಾಕಾ ಅಂತ ನಂಗೂ ಗೊತ್ತಿಲ್ಲಮ್ಮ. ಎಷ್ಟು ಕೇಳಿದ್ರೂ ಬಾಯಿ ಬುಡಲ್ಲ. ನೀವು ಕೇಳಿದ್ರೆ ಹೇಳ್ಬೋದು" ಎಂದಳು.

ಕೇಳುವುದು ಎಲ್ಲಿ? ರುಕ್ಮಿಣಮ್ಮ ತೋಪಿಗೆ ಬರುವಂತಿಲ್ಲ. ಉಳಿದದ್ದು ಅವಳ ಮನೆ.

ಮಾರನೇ ದಿನ ಇಳಿಹೊತ್ತಿನಲ್ಲಿ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಹೊಂಗೆ ಮರ ಹೂ ಬಿಟ್ಟು ದಾರಿ ತುಂಬ ಅರಳು ಚೆಲ್ಲಿದಂತಿತ್ತು. ತಾನು ನಡೆಯುತ್ತಿದ್ದೇನೋ, ಗೋಡೆಗೆ ಒರಗಿ ಕನಸು ಕಾಣುತ್ತಿದ್ದೇನೋ ಅವಳಿಗೇ ಗೊತ್ತಾಗಲಿಲ್ಲ. ನಲವತ್ತು ವರ್ಷದಿಂದ ಇದ್ದ ದಾರಿಯೇ ಅದು. ಇಷ್ಟು ಹತ್ತಿರವೇ ಎಂದು ಅವಳಿಗೆ ಆಶ್ಚರ್ಯವಾಯಿತು.

ರುಕ್ಮಿಣಮ್ಮ ಬಾಗಿಲಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಗೆಳತಿಯನ್ನು ಕಂಡು ಕಣ್ಣು ಕಿರಿದು ಮಾಡಿಕೊಂಡು ನೋಡಿದಳು.

"ಒಳಕ್ಕೆ ಬಾ ಅನ್ನಲಾ ಬ್ಯಾಡ್ವಾ ಅಂತ ನೋಡ್ತಿವ್ನಿ" ಎಂದಳು.

"ಅನ್ನೇ."

"ಬಾ."

ಅಮ್ಮಯಮ್ಮ ಒಳಗೆ ಹೋಗಿ ಚಾಪೆಯ ಮೇಲೆ ಕೂತು, ಕುಡಿಯಲು ನೀರು ಕೇಳಿದಳು. ಪ್ರಮೋದಾ ಕೊಟ್ಟ ಚೊಂಬನ್ನು ಎತ್ತಿ ಗಟಗಟ ಕುಡಿದಳು. ಒಂದು ಚೊಂಬು ನೀರಿಗೆ ನಲವತ್ತು ವರ್ಷ ಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದಳು.

"ನಾಚ್ಕೆ ಆಯ್ತದೆ ಕಣೇ ರುಕ್ಕಿ."

"ಆಗ್ಲಿ ಬುಡು, ಸ್ವಲ್ಪ ಆಗ್ಬೇಕಾದ್ದೇ" ಎಂದು ರುಕ್ಮಿಣಮ್ಮ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಆಮೇಲೆ ಹಾಳೆಯ ಮಾತು ಬಂತು. ಗೇಟು ಅಗಲ ಮಾಡಿಸುತ್ತೇನೆ, ಇಳಿಜಾರು ಹಾಕಿಸುತ್ತೇನೆ ಎಂದು ಅಮ್ಮಯಮ್ಮ ಉತ್ಸಾಹದಿಂದ ಹೇಳಿದಳು. ರುಕ್ಮಿಣಮ್ಮ ತಲೆ ಅಲ್ಲಾಡಿಸಿದಳು.

"ಮಾಡ್ಸು. ಆದ್ರೂ ನಾನು ಬರಾಕಿಲ್ಲ."

"ಯಾಕೇ?"

"ಲಕ್ವ ಆದ್ಮೇಲೆ ಅರ್ಧ ಗಂಟೆಗೊಂದ್ಸಲ ಒಂದಕ್ಕೆ ಹೋಗ್ಬೇಕಕ್ಕ ನಾನು. ಮರ ಗಿಡದ ಮರೆಗೆ ಹೋಗೋಕೆ ಕಾಲಿಲ್ಲ. ಅವತ್ತು ಗೇಟಿನ್ತಾವ ಬಂದಾಗ ಬೆಳಗಿಂದ ಒಂದು ತೊಟ್ಟು ನೀರು ಕುಡಿದಿರ್ಲಿಲ್ಲ. ಆಮೇಲೆ ಎರಡು ದಿನ ಉರಿ ಜ್ವರ. ಇದನ್ನೆಲ್ಲ ಸಭೇಲಿ ಯಾರು ಹೇಳ್ತಾರೆ?"

ಅಮ್ಮಯಮ್ಮ ಮೆಲ್ಲಗೆ, "ತೋಪಿಗೆ ಬರೋ ದಿನ ಮಧ್ಯಾಹ್ನದ ಮೇಲೆ ನಾನೂ ನೀರು ಮುಟ್ಟಲ್ಲ ಕಣೇ" ಎಂದಳು.

"ನೀನೂನಾ?"

"ನಾನೂನು!"

ಪ್ರಪಂಚದ ಮಾತೆಲ್ಲ ಆಡಿದವರು ಇದೊಂದನ್ನು ಆಡಿರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಮೋದಾ ಮೂರನೇ ಪ್ರಶ್ನೆಯ ಎದುರಿಗೆ ಬರೆದಳು: ಹೆಂಗಸರಿಗೆ ಬೇರೆ ಶೌಚಾಲಯ, ಕುರ್ಚಿಯ ಮೇಲೆ ಕೂತ ಹಾಗೆ ಕೂರುವಂಥದ್ದು, ಹಿಡಿದು ಏಳಲು ಪಕ್ಕದಲ್ಲಿ ಕಂಬಿ, ನಲ್ಲಿಯಲ್ಲಿ ನೀರು, ದಿನಾ ತೊಳೆಯಲು ಒಬ್ಬರು.

ಶನಿವಾರ ತೋಪಿನಲ್ಲಿ ಶಾಮಿಯಾನ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿ, ಮೈಕು, ನಕ್ಷೆಯ ಸುರುಳಿ ಹಿಡಿದ ಎಂಜಿನಿಯರ್ ಹೆಣ್ಣುಮಗಳು, ಎಲ್ಲ ಇತ್ತು. ಪಂಚಾಯಿತಿ ಸದಸ್ಯ ಕಾಂತರಾಜು ಮೈಕು ಹಿಡಿದ. ಒಬ್ಬರು ಕಾರಂಜಿ ಕೇಳಿದರು. ಹುಡುಗರು ಸೆಲ್ಫಿ ತೆಗೆಯುವ ಕಮಾನು ಕೇಳಿದರು. ಹಸು ಸಾಕಿದ ಮುನಿಶಾಮಪ್ಪ ಬಣ್ಣದ ಲೈಟು ಕೇಳಿದ, ಯಾಕೋ ಅವನಿಗೇ ಗೊತ್ತು.

ಅಮ್ಮಯಮ್ಮ ಕೂರಲಿಲ್ಲ. ತನ್ನ ಮಾತು ತಾನೇ ಹೇಳುತ್ತೇನೆಂದು ಬಂದಿದ್ದ ರುಕ್ಮಿಣಮ್ಮನ ಗಾಲಿಕುರ್ಚಿ ಗೇಟಿನ ಆಚೆ ಬಿಸಿಲಲ್ಲಿ ನಿಂತಿತ್ತು.

"ಕಾಂತರಾಜು, ನಿಲ್ಸಪ್ಪ! ಸಭೆಗೆ ಬಂದೋರು ಒಬ್ರು ಅಲ್ಲಿ ಹೊರಗವ್ರೆ."

"ಅಲ್ಲಿಂದ್ಲೇ ಕೇಳ್ಸುತ್ತಮ್ಮ, ಮೈಕಿದೆ."

"ಅವಳಿಗೆ ಕೇಳ್ಸುತ್ತೆ. ಅವಳ ಮಾತು ನಿಮಗೆ ಕೇಳ್ಸೋದು ಹೆಂಗೆ? ಅವಳು ಒಳಕ್ಕೆ ಬರಂಗಿಲ್ಲ ಅಂದ್ರೆ ಸಭೇನೇ ಅಲ್ಲಿಗೆ ಹೋಗ್ಲಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಕೆಲವರು ನಕ್ಕರು. ಆಗ ಹಿಂದಿನ ಸಾಲಿನಲ್ಲಿ ಪಿಳ್ಳಪ್ಪ ಎದ್ದು ನಿಂತು ತನ್ನ ಕುರ್ಚಿಯನ್ನು ತಲೆಯ ಮೇಲೆ ಎತ್ತಿಕೊಂಡ.

"ಆ ಗೇಟು ಕೇಳಿದೋನು ನಾನೇ. ಕುರ್ಚಿ ಎತ್ತೋನೂ ನಾನೇ. ನಡೀರಿ."

ಅವನು ಗೇಟಿನ ಹತ್ತಿರ ಹೋದ. ಮೈ ಓರೆ ಮಾಡಿದ. ಕುರ್ಚಿ ಸಿಕ್ಕಿಕೊಂಡಿತು. ಹಿಂದೆ ಬಂದ ಕಾಂತರಾಜನ ಕುರ್ಚಿಯೂ ಸಿಕ್ಕಿಕೊಂಡಿತು. ಎಂಜಿನಿಯರಮ್ಮ ನಕ್ಷೆಯ ಸುರುಳಿ ಮಡಿಸಿಕೊಂಡು ಹೊರಬರುವಷ್ಟರಲ್ಲಿ ಬೆವೆತುಹೋದಳು. ಇಡೀ ಊರು ಆ ಗೇಟಿನಲ್ಲಿ ಒಬ್ಬೊಬ್ಬರಾಗಿ ತಿರುಗಿ, ತಡವರಿಸಿ, ಬೈದುಕೊಂಡು ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಗೇಟಿನ ವಿಷಯ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ಗೇಟು ಅಗಲ ಆದ್ರೆ ನನ್ನ ಹಸುಗಳು ನುಗ್ತವಲ್ಲ?" ಎಂದ ಮುನಿಶಾಮಪ್ಪ. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಅಗಲವಾದ ಗೇಟು ಬರುತ್ತದೆ ಎಂದು ಎಂಜಿನಿಯರಮ್ಮ ವಿವರಿಸಿದಳು.

ಮೈಕು ರುಕ್ಮಿಣಮ್ಮನ ಕೈಗೆ ಬಂತು. ಅವಳು ಶೌಚಾಲಯದ ಮಾತು ಹೇಳಿದಳು. ಹೆಂಗಸರ ನಡುವಿನಿಂದ ಲಕ್ಷ್ಮೀದೇವಮ್ಮ ಎಂಬವಳು "ನಾನೂ ನೀರು ಕುಡಿಯಲ್ಲ" ಎಂದು ಕೈ ಎತ್ತಿದಳು. ಪಕ್ಕದವಳು ಎತ್ತಿದಳು. ಕೊನೆಗೆ ಹೆಂಗಸರ ಸಾಲಿನಲ್ಲಿ ಎತ್ತದ ಕೈಯೇ ಉಳಿಯಲಿಲ್ಲ. ಎಂಜಿನಿಯರಮ್ಮ ಕಾರಂಜಿಯ ಜಾಗಕ್ಕೆ ಗೀಟು ಎಳೆದು ಬೇರೇನೋ ಬರೆದುಕೊಂಡಳು. ಪಿಳ್ಳಪ್ಪ ತನ್ನ ಹಾಳೆಯನ್ನು ಎರಡು ಸಲ ಓದಿಸಿ ಕೇಳಿ, ಸಹಿ ಹಾಕಿ, ಸೀಲು ಬಿದ್ದ ನಕಲನ್ನು ಜೇಬಿಗಿಟ್ಟುಕೊಂಡ.

ಕೆಲಸ ಅಂದುಕೊಂಡಷ್ಟು ಬೇಗ ಆಗಲಿಲ್ಲ. ಪಿಳ್ಳಪ್ಪ ಆ ನಕಲು ಹಿಡಿದು ಆರು ಸಲ ಪಂಚಾಯಿತಿಗೆ ಅಲೆದ. ಮುಂದಿನ ವರ್ಷ ನೇರಳೆ ಹಣ್ಣಾಗುವ ಹೊತ್ತಿಗೆ ಇಳಿಜಾರೂ ಆಗಿತ್ತು, ಗೇಟೂ ಬಂದಿತ್ತು, ಶೌಚಾಲಯದ ನಲ್ಲಿಯಲ್ಲಿ ನೀರೂ ಬರುತ್ತಿತ್ತು.

ಆ ಸಂಜೆ ಅಮ್ಮಯಮ್ಮ ಬೆಂಚಿನ ಮೇಲೆ ಕಾಯುತ್ತಿದ್ದಳು. ಮಂಪರು ಬಂದಂತಿತ್ತು. ಹಣ್ಣು ಸದ್ದಿಲ್ಲದೆ ಬೀಳುತ್ತಿದ್ದವು. ಗೇಟಿನ ಕಡೆಯಿಂದ ರುಕ್ಮಿಣಮ್ಮ ಬರುತ್ತಿದ್ದಳು. ಕನಸಿನಲ್ಲಿ ಅವಳು ನಡೆದು ಬರುತ್ತಿದ್ದಳು, ಈಗ ಗಾಲಿಯ ಮೇಲೆ ಬರುತ್ತಿದ್ದಾಳೆ. ಬರುತ್ತಾಳೆ, ಬರುತ್ತಾಳೆ. ಬಂದು ಮುಟ್ಟಿದಳು.

"ನಿದ್ದೆ ಮಾಡ್ತಿದ್ಯೇನೇ?" ಎಂದು ರುಕ್ಮಿಣಮ್ಮ ಬಲಗೈಯಿಂದ ಅವಳ ಮೊಣಕಾಲು ತಟ್ಟಿದಳು. "ನೀರು ತಂದಿದ್ದೀಯಾ? ಬಾಯಾರಿಕೆ."

ಅಮ್ಮಯಮ್ಮ ಬಾಟಲಿ ತೆಗೆದುಕೊಟ್ಟಳು. ರುಕ್ಮಿಣಮ್ಮ ಅರ್ಧ ಕುಡಿದು ವಾಪಸ್ಸು ಕೊಟ್ಟಳು. ಉಳಿದರ್ಧವನ್ನು ಅಮ್ಮಯಮ್ಮ ಕುಡಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಪಾರ್ಕನ್ನೂ ಯಾರೋ ಹೊಸದಾಗಿ ಮಾಡಲು ಹೊರಟಿರಬಹುದು. ನಕ್ಷೆ ಎಲ್ಲಿ ಅಂಟಿಸಿದ್ದಾರೆ, ಸಭೆ ಯಾವತ್ತು ಎಂದು ಇವತ್ತೇ ವಿಚಾರಿಸಿ. ಹಾಳೆ ಕೊಟ್ಟರೆ ಓದಿಸಿ ಕೇಳಿ, ಆಮೇಲೆ ಬರೆದುಕೊಡಿ, ನಕಲು ಕೇಳಿ ಪಡೆಯಿರಿ. ನೀವು ಸುಮ್ಮನಿದ್ದರೆ ಹದಿನಾರು ಜನ ಕೇಳಿದ್ದೇ ಊರಿಗೆಲ್ಲ ಬರುತ್ತದೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪಾರ್ಕಿಗೆ ಬರಲಾಗದವರು ಯಾರು ಎಂದು ಯೋಚಿಸಿ, ಅವರ ಮನೆಗೆ ಹೋಗಿ. ಹೋದ ಕೂಡಲೇ ಹಾಳೆ ತೆಗೆಯಬೇಡಿ. ಒಳಗೆ ಕೂತು, ಕುಡಿಯಲು ಒಂದು ಲೋಟ ನೀರು ಕೇಳಿ.