ಇಪ್ಪತ್ತೇಳು ವರ್ಷದ ಕುಂಟು

“ಯಾವ ಕಾಲಮ್ಮ ಕುಂಟು?”

ಶವವಾಹನದ ಜೊತೆ ಬಂದಿದ್ದ ಆಳು ಸತ್ತವನ ಎರಡೂ ಪಾದಗಳನ್ನು ಒಂದೊಂದು ಅಂಗೈಯಲ್ಲಿ ಹಿಡಿದುಕೊಂಡೇ ಕೇಳಿದ. ಅಕ್ಕ ಆಗ ತಮ್ಮನ ಕೋಟಿನ ಗುಂಡಿಯ ಜೊತೆ ಗುದ್ದಾಡುತ್ತಿದ್ದಳು. ಕ್ಲಬ್ಬಿನ ಕೋಟು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಹೊಲಿಸಿದ್ದು, ಐವತ್ತರ ಹೊಟ್ಟೆಗೆ ಜಪ್ಪಯ್ಯ ಅಂದರೂ ಕೂಡಿಬರುತ್ತಿರಲಿಲ್ಲ.

“ಎಡಗಾಲು. ಯಾಕೆ?”

“ಕುಂಟುಗಾಲಾದ್ರೆ ಮೀನಖಂಡ ಕರಗಿರುತ್ತೆ. ಕಾಲುಚೀಲ ನಿಲ್ಲಲ್ಲ, ಒಳಗೆ ಒಂಚೂರು ಹತ್ತಿ ಸುತ್ತಬೇಕಾಗುತ್ತೆ. ಇವರದ್ದು ನೋಡಿದ್ರೆ ಎರಡೂ ಒಂದೇ ಸಮ ಇದಾವೆ.”

“ತಿಂಗಳು ತಿಂಗಳೂ ಮುಲಾಮು ತಂದುಕೊಟ್ಟಿದ್ದೀನಿ, ಇಪ್ಪತ್ತೇಳು ವರ್ಷ. ಸಮ ಇರದೆ ಇನ್ನೇನು?” ಅಂದಳು ಅಕ್ಕ. ಅವಳು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ಕಾಲಿನ ವಿಷಯ ತನಗೇ ಹೇಳಿಕೊಡಲು ಬಂದನಲ್ಲ ಎಂದು ಅವಳಿಗೆ ಸಿಡುಕು. ಆಳು ಹತ್ತಿಯಿಲ್ಲದೆಯೇ ಕಾಲುಚೀಲ ತೊಡಿಸಿ, ಸತ್ತವನಿಗೆ ನೋವಾದೀತೆಂಬಂತೆ ಪಾದವನ್ನು ಮೆಲ್ಲಗೆ ಕೆಳಗಿಟ್ಟ.

ಬಾಗಿಲಲ್ಲಿ ಕ್ಲಬ್ಬಿನ ಅಧ್ಯಕ್ಷರು ಇಣುಕಿದರು. ಕೈಯಲ್ಲಿ ಭಾಷಣದ ಹಾಳೆ.

“ಕೋಲು ಸಿಕ್ತಾ ಮೇಡಂ? ಕೋಲು ಎದೆ ಮೇಲೆ ಇರಲೇಬೇಕು. ಆ ಕೋಲಿಲ್ಲದೆ ನಮ್ಮ ಜಿಂಕೇನ ಜನ ನೋಡೇ ಇಲ್ಲ. ಆಮೇಲೆ ಅದನ್ನ ಕ್ಲಬ್ಬಿನ ಗಾಜಿನ ಬೀರುವಿನಲ್ಲಿ ಇಡ್ತೀವಿ. ತ್ಯಾಗ ಅಂದ್ರೆ ಏನು ಅಂತ ಈಗಿನ ಮಕ್ಕಳು ನೋಡ್ಲಿ.”

“ಹುಡುಕ್ತಿದ್ದೀವಿ.”

ಜಿಂಕೆ ಅಂದರೆ ತಮ್ಮ. ಲಾಂಗ್ ಜಂಪ್ ಮಾಡುತ್ತಿದ್ದ ಕಾಲದಲ್ಲಿ ಪತ್ರಿಕೆಯವರು ಇಟ್ಟ ಹೆಸರು. ಹಾರಿದ್ದು ಐದು ವರ್ಷ, ಹೆಸರು ಮಾತ್ರ ಇವತ್ತಿನ ತನಕ ಅಂಟಿಕೊಂಡಿತ್ತು. ಮೊನ್ನೆ ಸಂಜೆ ಅವನ ಎದೆಬಡಿತ ನಿಂತುಹೋದದ್ದು ಮನೆಯಲ್ಲಲ್ಲ, ಐದು ಕಿಲೋಮೀಟರ್ ಆಚೆಯ ಜಲಾಶಯದ ಕಟ್ಟೆಯ ಮೇಲೆ. ಕೋಲು ಹತ್ತಿರದಲ್ಲಿ ಎಲ್ಲೂ ಇರಲಿಲ್ಲ.

“ಅಂಗಳದ ಗೇಟು ಹಾಕಿ ಬಾ ಅಂದ್ರೆ ‘ಭಾವ, ಕಾಲು’ ಅಂತಿದ್ದ,” ಅಂದ ಅಕ್ಕನ ಗಂಡ. ಅವನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. “ಕೋಲಿಲ್ದೆ ಕಟ್ಟೆವರೆಗೂ ಹೋಗಿದ್ದಾನೆ.”

“ಬಸ್ಸಲ್ಲಿ ಹೋಗಿರ್ತಾನೆ ಬಿಡ್ರಿ.”

“ಕಟ್ಟೆ ಮೇಲೆ ಬಸ್ಸು ಓಡೋದು ನಾನಂತೂ ಕೇಳಿಲ್ಲ.”

“ಸತ್ತವನ ಬಗ್ಗೆ ಹಾಗೆಲ್ಲ ಮಾತಾಡಬೇಡಿ.”

“ಬದುಕಿದ್ದಾಗಲೂ ಮಾತಾಡೋಕೆ ಬಿಟ್ಟವಳಲ್ಲ ನೀನು.”

ಅಕ್ಕನ ಹತ್ತೊಂಬತ್ತರ ಮಗಳು ಮೆಟ್ಟಿಲ ಮೇಲೆ ಮಂಡಿ ತಬ್ಬಿ ಕೂತಿದ್ದಳು. ಅವಳೂ ಲಾಂಗ್ ಜಂಪಿನವಳೇ. ಬೆಳಿಗ್ಗೆ ಅವಳ ಕೋಚ್ ಅಕ್ಕನಿಗೆ ಫೋನ್ ಮಾಡಿದ್ದರು. “ಇವತ್ತು ನಾಲ್ಕು ಗಂಟೆಗೆ ಆಯ್ಕೆ ಸ್ಪರ್ಧೆ. ಅವಳ ಹೆಸರು ನಾನಿನ್ನೂ ಪಟ್ಟಿಯಿಂದ ಹೊಡೆದು ಹಾಕಿಲ್ಲ. ಈ ವರ್ಷ ತಪ್ಪಿದ್ರೆ ಅವಳ ವಯಸ್ಸಿನ ಗುಂಪು ಮುಗಿದುಹೋಯ್ತು. ಸಾವಿನ ಮನೇಲಿ ಇದನ್ನ ಕೇಳಬಾರದು, ಆದ್ರೂ ಕೇಳ್ತಿದ್ದೀನಿ.” ಅಕ್ಕ ಆಗಲ್ಲ ಅಂದು ಫೋನಿಟ್ಟಿದ್ದಳು. ಮಗಳನ್ನು ಕೇಳಿದ್ದರೆ ಅವಳೂ ಅದನ್ನೇ ಅನ್ನುತ್ತಿದ್ದಳು. ಈಗ ಗಂಟೆ ಹನ್ನೆರಡು ಮುಕ್ಕಾಲು.

*

ತಮ್ಮ ಬಿದ್ದದ್ದನ್ನು ಊರೆಲ್ಲ ನೋಡಿತ್ತು. ದೊಡ್ಡ ಕ್ರೀಡಾಕೂಟ, ಕೊನೆಯ ಸುತ್ತು. ಜಿಗಿಯುವ ಹಲಗೆಯ ಮೇಲೆ ಕಾಲಿಟ್ಟು ಹಾರಿದವನು ಮರಳಿಗೆ ಬಿದ್ದಾಗ ಎಡಮಂಡಿಯಿಂದ ಒಣ ಕಡ್ಡಿ ಮುರಿದಂಥ ಸದ್ದು ಬಂತಂತೆ. ಆ ಸದ್ದನ್ನು ತಾವು ಕೇಳಿದೆವು ಅನ್ನುವವರನ್ನೆಲ್ಲ ಒಟ್ಟುಗೂಡಿಸಿದರೆ ಅಂಥ ಎರಡು ಮೈದಾನ ಬೇಕಾಗುತ್ತಿತ್ತು. ಆ ಜಿಗಿತ ಫೌಲ್ ಆಗಿತ್ತು ಎಂಬುದು ಮಾತ್ರ ಯಾರಿಗೂ ನೆನಪಿರಲಿಲ್ಲ.

ಆಪರೇಷನ್ ಆಯಿತು. ಹತ್ತು ತಿಂಗಳಲ್ಲಿ ಮೊದಲಿನಂತೆ ಓಡುತ್ತಾನೆ ಎಂದರು ಡಾಕ್ಟರು. ಹತ್ತನೆಯ ತಿಂಗಳು ಕ್ಲಬ್ಬಿನವರೆಲ್ಲ ಮೈದಾನದಲ್ಲಿ ಸೇರಿದರು. ತಮ್ಮ ದೂರದಿಂದ ಓಡಿಬಂದ, ಹಲಗೆಗೆ ಎರಡು ಹೆಜ್ಜೆ ಇದೆ ಅನ್ನುವಾಗ ನಿಂತ, ಮಂಡಿ ಹಿಡಿದುಕೊಂಡು ಕೂತುಬಿಟ್ಟ. “ಆಗ್ತಿಲ್ಲ ಅಕ್ಕ,” ಅಂದ. ಅಕ್ಕ ಓಡಿಹೋಗಿ ಭುಜ ಕೊಟ್ಟಳು. ಕೊಟ್ಟ ಭುಜವನ್ನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಅವಳಿಗೆ ಗೊತ್ತಾಗಲಿಲ್ಲ.

ಅವನಿಗೆ ಮಹಡಿ ಹತ್ತುವುದಾಗದು ಎಂದು ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅವನದಾಯಿತು. ಅದು ಗಂಡನ ರಿಪೇರಿ ಕೋಣೆ. ಗಂಡ ತನ್ನ ಮೇಜು, ದೀಪ, ಎಣ್ಣೆಯ ಬುಡ್ಡಿಗಳನ್ನೆಲ್ಲ ಮೆಟ್ಟಿಲ ಕೆಳಗಿನ ಸಂದಿಗೆ ಸಾಗಿಸಿದ. ಅಲ್ಲಿ ನೆಟ್ಟಗೆ ಕೂತರೆ ತಲೆ ತಾಗುತ್ತಿತ್ತು. ಒಂದೆರಡು ವರ್ಷ ತಾನೇ, ಎಂದಿದ್ದಳು ಅಕ್ಕ.

ಕ್ಲಬ್ಬು ತಮ್ಮನಿಗೆ ಟಿಕೆಟ್ ಕೊಡುವ ಕೆಲಸ ಕೊಟ್ಟಿತು. ಕುರ್ಚಿ ತಗ್ಗಾಯಿತೆಂದು ಬಿಟ್ಟ. ಶಾಲೆಗಳ ಕ್ರೀಡಾದಿನಕ್ಕೆ ಕರೆದರೆ ಮಾತ್ರ ತಪ್ಪಿಸುತ್ತಿರಲಿಲ್ಲ. ಕೋಲೂರಿಕೊಂಡು ವೇದಿಕೆ ಹತ್ತುವುದಕ್ಕೇ ಐದು ನಿಮಿಷ ತೆಗೆದುಕೊಳ್ಳುತ್ತಿದ್ದ. ಅಷ್ಟು ಹೊತ್ತೂ ಚಪ್ಪಾಳೆ.

*

ಐದು ವಾರದ ಹಿಂದೆ ಮಗಳು ಅಭ್ಯಾಸದಿಂದ ಮಂಡಿ ನೋವು ಎಂದುಕೊಂಡು ಬಂದಳು. ಹತ್ತು ದಿನ ವಿಶ್ರಾಂತಿ ಸಾಕು, ಎಂದಿದ್ದರು ಡಾಕ್ಟರು.

“ಬಾ ಪುಟ್ಟಿ ಇಲ್ಲಿ,” ಎಂದು ಕರೆದ ತಮ್ಮ. ಪ್ಯಾಂಟು ಮೇಲೆ ಸರಿಸಿ ಅವಳ ಕೈಯನ್ನು ತನ್ನ ಗಾಯದ ಕಲೆಯ ಮೇಲೆ ಇಟ್ಟುಕೊಂಡ. “ಮುಟ್ಟಿ ನೋಡು. ನನಗೂ ಹೀಗೇ ಹೇಳಿದ್ರು, ಏನಾಗಲ್ಲ ಅಂತ. ಒಂದು ಸದ್ದು ಬರುತ್ತೆ ನೋಡು, ಆಮೇಲೆ ಜೀವನ ಪೂರ್ತಿ ಅದೇ ಸದ್ದು. ನಿನ್ನ ಇಷ್ಟ.”

ಹನ್ನೆರಡನೆಯ ದಿನ ಮಗಳು ಮೈದಾನಕ್ಕೆ ಹೋದಳು. ಓಡಿದಳು. ಹಲಗೆಯ ಮುಂದೆ ನಿಂತುಬಿಟ್ಟಳು. ಮನೆಗೆ ಬಂದು ಊಟ ಮಾಡದೆ ಮಲಗಿದಳು. ಮಾರನೆಯ ದಿನ ಅಕ್ಕನೇ ಕೋಚ್‌ಗೆ ಹೇಳಿದಳು, ಇನ್ನು ಅವಳು ಬರಲ್ಲ ಎಂದು.

“ಅವನ ಕಾಲನ್ನ ತಂದು ಮಗಳಿಗೆ ಅಂಟಿಸಬೇಡ ಕಣೇ,” ಎಂದಿದ್ದ ಗಂಡ.

“ನಿಮಗೆ ಅವನನ್ನ ಕಂಡ್ರೆ ಮೊದಲಿಂದಲೂ ಆಗಲ್ಲ,” ಎಂದಿದ್ದಳು ಅಕ್ಕ.

*

ಒಂದೂವರೆಗೆ ಗೇಟಿನ ಹತ್ತಿರ ಬೀದಿ ಮೂಲೆಯ ಚಪ್ಪಲಿ ರಿಪೇರಿಯವನು ಬಂದು ನಿಂತ. ಕೈಯಲ್ಲಿ ತಮ್ಮನ ಕೋಲು. ಒಳಗೆ ಬರಲಿಲ್ಲ. ಅಕ್ಕನೇ ಹೊರಗೆ ಹೋದಳು.

“ಇದು ನಿನ್ನ ಹತ್ರ ಹೇಗೆ ಬಂತು?”

“ಮೊನ್ನೆ ಬಿಟ್ಟು ಹೋಗಿದ್ರಕ್ಕ.”

“ಮರೆತು ಹೋದನಾ?”

ಅವನು ನೆಲ ನೋಡಿದ. “ಮರೆತಿದ್ದಲ್ಲ. ದಿನಾ ಸಂಜೆ ನನ್ನ ಹತ್ರ ಬಿಡ್ತಿದ್ರು. ವಾಪಸ್ ಬರ್ತಾ ತಗೊಂಡು ಹೋಗ್ತಿದ್ರು. ಮೊನ್ನೆ ಬರಲಿಲ್ಲ. ಆಮೇಲೆ ವಿಷಯ ಗೊತ್ತಾಯ್ತು.”

“ಕೋಲಿಲ್ದೆ ಹೇಗೆ ನಡೀತಿದ್ದ?”

“ಚೆನ್ನಾಗೇ ನಡೀತಿದ್ರಕ್ಕ, ದಿನಾ ಕಟ್ಟೆವರೆಗೂ. ಮೂಲೆ ತಿರುಗಿದ ಮೇಲೆ ಸೈಕಲ್ಲಿನವರಿಗೂ ಅವರನ್ನ ಹಿಡಿಯೋದು ಕಷ್ಟ.”

“ಎಷ್ಟು ದಿನದಿಂದ?”

“ನಾನು ಆ ಮೂಲೆಗೆ ಬಂದು ಹತ್ತೊಂಬತ್ತು ವರ್ಷ. ಅದರ ಹಿಂದಿನದು ನನಗೆ ಗೊತ್ತಿಲ್ಲ.”

ಅಕ್ಕನಿಗೆ ಒಂದು ಸಂಜೆ ನೆನಪಾಯಿತು. ಅಟ್ಟೆ ಹಾಕಿಸಲು ತಮ್ಮನ ಶೂ ಒಯ್ದಾಗ ಅವಳೇ ಕೇಳಿದ್ದಳು, ಕುಂಟುವವನ ಶೂ ಎರಡೂ ಒಂದೇ ಥರ ಸವೆದಿವೆಯಲ್ಲ ಎಂದು. ಕುಂಟುಗಾಲಿನ ಭಾರವನ್ನು ಕೋಲು ತೆಗೆದುಕೊಳ್ಳುತ್ತೆ, ಅದಕ್ಕೇ ಹಾಗೆ, ಎಂದಿದ್ದ ಇವನು.

“ಅವತ್ತು ನನಗೆ ಹೇಳಿದ್ದು?”

“ಸುಳ್ಳು ಹೇಳಿದೆ ಅಕ್ಕ. ದಿನವೆಲ್ಲ ಅಂಗಡೀಲಿ ನಿಂತು, ಅವರ ಶೂ ಕಂಕುಳಲ್ಲಿ ಇಟ್ಕೊಂಡು ಬಂದಿದ್ರಿ. ಆ ಮುಖ ನೋಡಿ ನಿಜ ಹೇಳೋಕೆ ಬಾಯಿ ಬರಲಿಲ್ಲ.”

ಅಕ್ಕ ಕೋಲನ್ನು ತಿರುಗಿಸಿ ನೋಡಿದಳು. ತುದಿಯ ರಬ್ಬರು ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಅಂಗಳದಲ್ಲಿ ಗಂಡ ಕುರ್ಚಿ ಹಾಕುತ್ತಿದ್ದ. ಮೇಲೆ ಬರೀ ಆಕಾಶ ಇತ್ತು, ಆದರೂ ಅವನ ಕತ್ತು ಬಗ್ಗಿಯೇ ಇತ್ತು. ನೆಟ್ಟಗಾಗುವುದನ್ನು ಅದು ಯಾವತ್ತೋ ಬಿಟ್ಟಿತ್ತು. ಆ ಕತ್ತನ್ನು ಅವಳು ದಿನಾ ನೋಡುತ್ತಿದ್ದಳು. ಇವತ್ತು ಕಂಡಿತು.

ಅಳು ಬರಬಹುದೆಂದು ಕಾದಳು. ಬರಲಿಲ್ಲ. ಮುಂದಿನ ಕೋಣೆಯಲ್ಲಿ ಕೋಟು ತೊಟ್ಟು ಮಲಗಿದವನು, ಜಾಗ ಖಾಲಿ ಮಾಡು ಎಂದು ಎಷ್ಟು ಸಲ ಹೇಳಿದರೂ ಮಾಡದೆ ಕೊನೆಗೆ ಹೀಗೆ ಖಾಲಿ ಮಾಡಿದ ಬಾಡಿಗೆಯವನಂತೆ ಕಂಡ. ಬೇಸರವೆಂದರೆ, ಖಾಲಿ ಮಾಡು ಎಂದು ಅವಳು ಒಂದು ಸಲವೂ ಹೇಳಿರಲಿಲ್ಲ.

ಚಪ್ಪಲಿ ರಿಪೇರಿಯವನಿಗೆ ನೆರಳಿನಲ್ಲಿ ಒಂದು ಕುರ್ಚಿ ಹಾಕಿ, ಕುಡಿಯಲು ನೀರು ಕೊಟ್ಟು, ಅವಳು ಕೋಲನ್ನು ಅಧ್ಯಕ್ಷರ ಕೈಗಿತ್ತಳು.

“ತಗೊಳ್ಳಿ. ಗಾಜಿನ ಬೀರುವಿನಲ್ಲಿ ಜೋಪಾನವಾಗಿಡಿ. ಹೊಸದಾಗೇ ಇದೆ.”

ಅಧ್ಯಕ್ಷರು ಅದನ್ನು ಎರಡೂ ಕೈಯಲ್ಲಿ ಮೇಲೆತ್ತಿ ಭಾಷಣಕ್ಕೆ ನಿಂತರು. “ಇದು ಬರೀ ಕೋಲಲ್ಲ ಬಂಧುಗಳೇ!” ಹಾಳೆ ನೋಡಿಕೊಂಡು ಮುಂದುವರಿಸಿದರು. “ಎಂಥೆಂಥ ಭಾರ ಎತ್ತಿದ ತೋಳುಗಳು ಇವು…” ಹೋದ ತಿಂಗಳು ತೀರಿಕೊಂಡ ಭಾರ ಎತ್ತುವವನಿಗೆ ಬರೆದ ಹಾಳೆ ಅದು. ಹಿಂದೆ ಯಾರೋ ಕೆಮ್ಮಿದರು. ಅಧ್ಯಕ್ಷರು ನಿಲ್ಲಲಿಲ್ಲ.

ಅಕ್ಕ ಮಗಳನ್ನು ಮೆಟ್ಟಿಲಿಂದ ಎಬ್ಬಿಸಿದಳು. “ನಿನ್ನ ಮೊಳೆ ಶೂ ಎಲ್ಲಿದೆ?”

“ಯಾಕಮ್ಮ? ಮಾವನ್ನ ಇನ್ನೂ ಎತ್ತಿಲ್ಲ.”

“ಅವನನ್ನ ಎತ್ತಿದ್ದು ಸಾಕು. ಅವನ ಕಾಲಿಗೆ ಏನೂ ಆಗಿರಲಿಲ್ಲ. ಯಾವತ್ತೋ ವಾಸಿಯಾಗಿತ್ತು. ಕೋಲನ್ನ ಮೂಲೆ ಅಂಗಡೀಲಿ ಬಿಟ್ಟು ದಿನಾ ಕಟ್ಟೆವರೆಗೂ ನಡ್ಕೊಂಡು ಹೋಗಿ ಬರ್ತಿದ್ದ.”

“ಮತ್ತೆ ಯಾಕೆ ಕುಂಟ್ತಿದ್ದ?”

“ಕೂತ್ಕೊಳ್ಳೋಕೆ.”

“ನನ್ನ ಕೈ ಹಿಡಿದು ಆ ಗಾಯದ ಮೇಲೆ ಇಡಿಸಿದ್ನಲ್ಲಮ್ಮ.”

“ಹೂಂ. ನಾನು ಪಕ್ಕದಲ್ಲೇ ನಿಂತಿದ್ದೆ.”

ಮಗಳು ಕೆಳದನಿಯಲ್ಲಿ ಅಂದಳು, “ನಂಗಿನ್ನೂ ಭಯ ಇದೆ.”

“ಇರಲಿ. ಅಲ್ಲಿಗೆ ಹೋದ್ಮೇಲೆ ಆಗದಿದ್ರೆ ಭಯ ಆಯ್ತು, ಹಾರಲ್ಲ ಅಂತ ನೆಟ್ಟಗೆ ಹೇಳು. ಮಂಡಿ ಮಾತ್ರ ಹಿಡ್ಕೋಬೇಡ.”

ಬೆನ್ನ ಹಿಂದೆ ಗಂಡ ನಿಂತಿದ್ದ. ಅಕ್ಕ ತಿರುಗಿದಳು. “ನಿಮಗೆ ಗೊತ್ತಿತ್ತಾ?”

“ಕೋಲಿನ ವಿಷಯ ಗೊತ್ತಿರಲಿಲ್ಲ. ಆದ್ರೆ ಒಂದಿನ ಮನೇಲಿ ಯಾರೂ ಇಲ್ದಾಗ ಮಹಡಿ ಮೇಲಿನ ಬಿಸ್ಕತ್ತಿನ ಡಬ್ಬ ಅವನ ಮಂಚದ ಹತ್ರ ಬಂದಿತ್ತು.”

“ಹೇಳಬಾರದಿತ್ತಾ?”

“ಹೇಳಿದ್ರೆ ಡಬ್ಬಾನೇ ಇಳಿದು ಬಂದಿರುತ್ತೆ ಅಂತಿದ್ದೆ ನೀನು.”

ಗಂಡ ಗೇಟಿನ ಕಡೆ ಕೈ ತೋರಿಸಿದ. “ಹೊರಡಿ ನೀವಿಬ್ರೂ. ಇಪ್ಪತ್ತೇಳು ವರ್ಷ ಹೊತ್ತಿದ್ದೀನಿ, ಇನ್ನೊಂದು ಗಂಟೆ ನನಗೇನು ಹೆಚ್ಚಲ್ಲ,” ಎಂದು ಜೇಬಿನಿಂದ ಮನೆಯ ಕೀಲಿ ತೆಗೆದು ಅವಳ ಕೈಯಲ್ಲಿಟ್ಟ. ಅವರು ಮೊದಲು ವಾಪಸ್ ಬಂದರೆ ಹೊರಗೆ ಕಾಯಬಾರದು ಎಂದು.

ಗೇಟು ದಾಟುವಾಗ ಅಧ್ಯಕ್ಷರು ಭಾಷಣ ನಿಲ್ಲಿಸಿ ಕೂಗಿದರು. “ಮೇಡಂ! ಶ್ರದ್ಧಾಂಜಲಿ ಇನ್ನೂ ಮುಗಿದಿಲ್ಲ!”

“ನೀವು ನಡೆಸಿ. ಅವನಿಗೆ ಅದನ್ನ ಕೇಳೋದಂದ್ರೆ ಇಷ್ಟ.”

*

ಮೂರೂಕಾಲಿಗೆ ಅವರು ಮೈದಾನ ತಲುಪಿದರು. ಕೋಚ್ ಬೆನ್ನಿಗೆ ಹಚ್ಚುವ ನಂಬರಿನ ಬಟ್ಟೆಯನ್ನೂ ನಾಲ್ಕು ಪಿನ್ನುಗಳನ್ನೂ ಮಗಳ ಕೈಗೆ ಕೊಟ್ಟು, ಒಮ್ಮೆ ಅಕ್ಕನ ತೋಳು ಮುಟ್ಟಿ, ತೀರ್ಪುಗಾರರ ಮೇಜಿನ ಕಡೆ ನಡೆದರು.

ಮಗಳು ಎರಡು ಸಲ ಸುಮ್ಮನೆ ಓಡಿ ನೋಡಿದಳು. ಎರಡು ಸಲವೂ ಹಲಗೆಯ ತನಕ ಬರದೆ ಪಕ್ಕಕ್ಕೆ ಸರಿದಳು.

“ಹಳೇ ಗುರುತು ಆಗಲ್ಲ,” ಎಂದಳು ಮಗಳು ಏದುಸಿರಿನಲ್ಲಿ. “ಐದು ವಾರ ಸರಿಯಾಗಿ ಓಡಿಲ್ಲ, ಹೆಜ್ಜೆ ಚಿಕ್ಕದಾಗಿದೆ. ಎಲ್ಲಿಂದ ಓಡಬೇಕು ಅಂತ ಹೊಸದಾಗಿ ಅಳೀಬೇಕು.” ಸುತ್ತ ನೋಡಿದಳು. ಉಳಿದ ಹುಡುಗಿಯರ ಜೊತೆ ಯಾರಾದರೂ ಒಬ್ಬರು ಇದ್ದರು. “ಅಮ್ಮ, ಅಳತೆ ಟೇಪಿನ ಈ ತುದಿ ಹಿಡ್ಕೋತೀಯಾ? ಹಲಗೆ ಅಂಚಿಗೆ ಸರಿಯಾಗಿ. ಒಂಚೂರೂ ಜರುಗಬಾರದು.”

ಅಕ್ಕ ಸಾವಿಗೆಂದು ಉಟ್ಟ ಬಟ್ಟೆಯಲ್ಲೇ ಕೆಂಪು ಟ್ರ್ಯಾಕಿನ ಮೇಲೆ ಮಂಡಿಯೂರಿ ಕೂತಳು. ಟೇಪಿನ ತುದಿಯನ್ನು ಬಿಳಿ ಹಲಗೆಯ ಅಂಚಿಗೆ ಇಟ್ಟು ಹೆಬ್ಬೆರಳಿನಿಂದ ಅದುಮಿದಳು. ಮಗಳು ಇನ್ನೊಂದು ತುದಿಯ ಸುರುಳಿ ಹಿಡಿದು ಬೆನ್ನು ಹಾಕಿ ಹೊರಟಳು. ಹತ್ತು ಮೀಟರ್, ಇಪ್ಪತ್ತು ಮೀಟರ್. ನಂಬರಿನ ಬಟ್ಟೆಯ ಅಂಕಿ ಚಿಕ್ಕದಾಗುತ್ತಾ ಹೋಯಿತು. ಟೇಪು ನೆಲದಿಂದ ಎದ್ದು, ಗಾಳಿಗೆ ಒಲೆದು, ಬಿಗಿಯಾಯಿತು.

“ಬಿಡಬೇಡಮ್ಮ!” ದೂರದಿಂದ ಕೂಗು ಬಂತು.

ಮಗಳು ಇಡುವ ಒಂದೊಂದು ಹೆಜ್ಜೆಗೂ ಟೇಪು ಬೆರಳಿನಡಿಯಲ್ಲಿ ಸಣ್ಣಗೆ ನಡುಗುತ್ತಿತ್ತು. ಅಕ್ಕ ಇನ್ನೊಂದು ಹೆಬ್ಬೆರಳನ್ನೂ ಅದರ ಮೇಲಿಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿ ಹಿಡಿದಳು.