ಎರಡು ಕುರ್ಚಿ, ಇಬ್ಬರು ಅಳಿಯಂದಿರು

ಚಿಕ್ಕಳಿಯನಿಗೆ ಒಮಾಹಾ ಎಂಬ ಇಸ್ಪೀಟಾಟ ಕಲಿಸಿದವನು ದೊಡ್ಡಳಿಯನೇ. ಈ ಮಾತನ್ನು ಅವನು ಯಾರೂ ಕೇಳುವ ಮೊದಲೇ ಹೇಳಿಬಿಡುತ್ತಿದ್ದ. ಏಕೆಂದರೆ ಇತ್ತೀಚೆಗೆ ಯಾರೂ ಕೇಳುತ್ತಿರಲಿಲ್ಲ.

ದೊಡ್ಡಳಿಯನದು ಕನ್ನಡಕದಂಗಡಿ, ಚಿಕ್ಕಳಿಯ ಲಿಫ್ಟ್ ಮೆಕ್ಯಾನಿಕ್. ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಮೊದಲ ಆರೇಳು ವರ್ಷ ಅತ್ತೆಯ ಮನೆಗೆ ದೊಡ್ಡಳಿಯನೊಬ್ಬನೇ ಅಳಿಯ. ಅವನು ಕೆಮ್ಮಿದರೆ ಬಿಸಿನೀರು ಬರುತ್ತಿತ್ತು. ಆಮೇಲೆ ಇವನು ಬಂದ. ಬಂದ ವಾರವೇ ಸೋರುವ ನಲ್ಲಿ ಸರಿ ಮಾಡಿದ, ಕಿರಗುಡುವ ಬಾಗಿಲಿಗೆ ಎಣ್ಣೆ ಹಾಕಿದ, ನಿಂತುಹೋಗಿದ್ದ ಫ್ಯಾನು ತಿರುಗಿಸಿದ. ದೊಡ್ಡಳಿಯ ಅಳತೆ ತೆಗೆದು ಮಾಡಿಸಿಕೊಟ್ಟ ಕನ್ನಡಕ ಹಾಕಿಕೊಂಡೇ ಅತ್ತೆ ಚಿಕ್ಕಳಿಯನನ್ನು ಕಣ್ತುಂಬ ನೋಡತೊಡಗಿದರು. ದೊಡ್ಡಳಿಯನ ಹೊಟ್ಟೆಯಲ್ಲಿ ಅಂದಿನಿಂದಲೂ ಒಂದು ಕೆಂಡ ಆರದೆ ಉಳಿದಿತ್ತು.

ಆಟ ಒಂದಾದರೂ ತನ್ನದಾಗಿರಲಿ ಎಂದುಕೊಂಡಿದ್ದ. ಫರ್ನಿಚರ್ ಅಂಗಡಿಯ ಮೇಲಿನ ಕ್ಲಬ್ಬಿಗೆ ಷಡ್ಡಕನನ್ನು ಕರೆದೊಯ್ದದ್ದು ಕೂಡ ತಾನೆಂಥ ಆಟಗಾರ ಎಂದು ಅವನು ನೋಡಲಿ ಅಂತಲೇ. ಅವನು ನೋಡಿದ, ಕಲಿತ. ಕಲಿತದ್ದೇ ತಪ್ಪಾಯಿತು.

ದೊಡ್ಡಳಿಯ ಹೇಳಿಕೊಟ್ಟದ್ದು ಎರಡೇ ಪಾಠ. ಕೈಯಲ್ಲಿ ನಾಲ್ಕು ಎಲೆ ಇರುತ್ತವೆ, ಅದರಲ್ಲಿ ಎರಡನ್ನು ಮಾತ್ರ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಬೀಳುವ ಎಲೆಗಳಲ್ಲಿ ಮೂರರ ಜೊತೆ ಬಳಸಬೇಕು. ನಾಲ್ಕು ಎಲೆ ಕಂಡ ಕೂಡಲೇ ಎಲ್ಲವೂ ಕೂಡುತ್ತದೆ ಎಂಬ ಆಸೆ ಹುಟ್ಟುತ್ತದೆ. ಹಾಗಾಗಿ ಇನ್ನೂ ಕೂಡದ ಕೈಯನ್ನು, ಅಂದರೆ ಡ್ರಾ ಅನ್ನು, ಕೂಡಿದರೆ ಎಲ್ಲರಿಗಿಂತ ಮೇಲಾಗುವ ಹಾಗಿದ್ದರೆ ಮಾತ್ರ ಬೆನ್ನಟ್ಟಬೇಕು. ಇದು ಮೊದಲನೆಯದು. ಎರಡನೆಯದು ಪಂದ್ಯಕ್ಕೆ: ಕುರ್ಚಿ, ಅಂದರೆ ಗೆದ್ದವರಿಗೆ ಸಿಗುವ ಜಾಗ, ಎರಡೇ ಇದ್ದು ಮೂವರು ಉಳಿದಾಗ, ಮೂರನೆಯವರು ಇನ್ನೇನು ಆಟದಿಂದ ಬೀಳುವ ಹಾಗಿದ್ದರೆ, ಎಂಥ ಚೆಂದದ ಡ್ರಾ ಬಂದರೂ ಹೆಚ್ಚು ಬಿಲ್ಲೆ ಇರುವ ಇಬ್ಬರು ಹೊಡೆದಾಡಬಾರದು. ಎಲೆ ಮಡಚಿ ಸುಮ್ಮನೆ ಕೂರಬೇಕು.

ಒಂದು ಭಾನುವಾರ ಮಧ್ಯಾಹ್ನ ಅಂಥದೇ ಸಂದರ್ಭ ಒದಗಿತು. ಪರವೂರಿನ ದೊಡ್ಡ ಪಂದ್ಯಕ್ಕೆ ಕ್ಲಬ್ಬಿನಿಂದ ಇಬ್ಬರನ್ನು ಕಳಿಸುವುದಿತ್ತು. ಒಬ್ಬೊಬ್ಬರೇ ಎದ್ದುಹೋಗಿ ಕೊನೆಗೆ ಮೂವರು ಉಳಿದರು: ದೊಡ್ಡಳಿಯ, ಚಿಕ್ಕಳಿಯ, ಬೇಕರಿಯಾಕೆ. ಬೇಕರಿಯಾಕೆಯ ಮುಂದೆ ಒಂದು ಹಿಡಿ ಬಿಲ್ಲೆ. ಷಡ್ಡಕರಿಬ್ಬರ ಮುಂದೆಯೂ ಗೋಪುರ. ದೊಡ್ಡಳಿಯನದು ಒಂದು ಕೂದಲಷ್ಟು ಎತ್ತರ. ಒಂದೆರಡು ಸುತ್ತು ಕೈಕಟ್ಟಿ ಕೂತಿದ್ದರೆ ಇಬ್ಬರೂ ಹೋಗುತ್ತಿದ್ದರು.

ಆ ‘ಇಬ್ಬರೂ’ ಎಂಬುದೇ ದೊಡ್ಡಳಿಯನಿಗೆ ಹಿಡಿಸಲಿಲ್ಲ. ಇಬ್ಬರೂ ಹೋದರೆ ಮನೆಯಲ್ಲಿ ಏನೆನ್ನುತ್ತಾರೆ? ಚಿಕ್ಕವನು ಗೆದ್ದ, ಜೊತೆಗೆ ದೊಡ್ಡವನೂ ಹೋಗಿಬಂದ ಎನ್ನುತ್ತಾರೆ. ರೈಲಿನಲ್ಲಿ ಇವನು ಇಡೀ ಬೋಗಿಯನ್ನು ನಗಿಸುತ್ತಾನೆ, ತಾನು ಚೀಲ ಕಾಯಬೇಕು.

ಅಷ್ಟರಲ್ಲಿ ಎಲೆ ಬಂತು. ದೊಡ್ಡಳಿಯನಿಗೆ ರಾಜ, ರಾಣಿ, ಗುಲಾಮ, ಏಳು. ಬೇಕರಿಯಾಕೆ ಎಲೆ ಮಡಚಿದಳು. ಮೇಜಿನ ಮೇಲೆ ಹತ್ತು, ಒಂಬತ್ತು, ಆರು ಬಿದ್ದವು. ಎಂಟು ಬಂದರೂ, ಗುಲಾಮ, ರಾಣಿ, ರಾಜ ಇವುಗಳಲ್ಲಿ ಯಾವುದು ಬಂದರೂ ಐದು ಎಲೆ ಒಂದರ ಹಿಂದೊಂದು ಬಂದು ಸಾಲು ಕೂಡಿ ಕೈ ಎಲ್ಲರಿಗಿಂತ ಮೇಲಾಗುತ್ತಿತ್ತು. ಆದರೆ ಸದ್ಯಕ್ಕೆ ಕೂಡಿದ್ದು ಏನೂ ಇಲ್ಲ.

ಚಿಕ್ಕಳಿಯ ಬಿಲ್ಲೆ ಮುಂದೆ ತಳ್ಳಿದ. ಮಡಚು, ಎಂದಿತು ದೊಡ್ಡಳಿಯನ ಬುದ್ಧಿ. ಅವನು ಎದುರಿಗೆ ನೋಡಿದ. ಷಡ್ಡಕ ಸಣ್ಣಗೆ ಶಿಳ್ಳೆ ಹಾಕುವವನಂತೆ ತುಟಿ ಮಾಡಿಕೊಂಡು ಆರಾಮಾಗಿ ಕೂತಿದ್ದ. ಆ ಆರಾಮು ನೋಡಲಾಗಲಿಲ್ಲ.

“ಪಾಟ್,” ಎಂದ ದೊಡ್ಡಳಿಯ.

ಈ ಆಟದಲ್ಲಿ ಇದ್ದದ್ದನ್ನೆಲ್ಲ ಒಂದೇ ಏಟಿಗೆ ಸುರಿಯುವ ಹಾಗಿಲ್ಲ, ನಡುವಿನ ರಾಶಿ, ಅಂದರೆ ಪಾಟ್, ಎಷ್ಟಿದೆಯೋ ಅಷ್ಟೇ ಏರಿಸಬಹುದು. ಅಷ್ಟು ಸಾಕಾಗಿತ್ತು. ಇದಕ್ಕೆ ಹೂಂ ಎಂದರೆ ಮುಂದಿನ ಎಲೆಗೆ ಉಳಿದದ್ದೂ ಪಣಕ್ಕೆ ಹೋಗುವುದು ಖಚಿತ ಎಂದು ಇಬ್ಬರಿಗೂ ಗೊತ್ತಿತ್ತು. ಚಿಕ್ಕಳಿಯ ಬಹಳ ಹೊತ್ತು ಯೋಚಿಸಿದ. ಆಮೇಲೆ ಎಲೆಗಳನ್ನು ಮೇಲ್ಮುಖವಾಗಿ ಇಟ್ಟುಬಿಟ್ಟ. ಅದರಲ್ಲಿ ಎರಡು ಹತ್ತು ಇದ್ದವು. ಮೇಜಿನದು ಸೇರಿ ಮೂರು, ಸಾಲಿಗೆ ಮಾತ್ರ ಸೋಲುವ ಕೈ. “ಏಳು, ಎಂಟು ಕೂತಿದೆ ನಿಮ್ಮ ಹತ್ರ. ಸಾಲು ಆಗಲೇ ಆಗಿದೆ. ಬಿಟ್ಟೆ ಅಣ್ಣ,” ಎಂದ.

ಸುತ್ತ ನಿಂತವರು ಭಲೆ ಎಂದದ್ದು ಬಿಟ್ಟವನಿಗೆ, ಬಾಚಿಕೊಂಡವನಿಗಲ್ಲ.

ಆಮೇಲಿನದು ಬೇಗ ಮುಗಿಯಿತು. ತಳ್ಳಿದ ಬಿಲ್ಲೆಗಳೆಲ್ಲ ಹೋಗಿ ಗೋಪುರ ಕುಸಿದಿದ್ದ ಚಿಕ್ಕಳಿಯನ ಮೇಲೆ ಬೇಕರಿಯಾಕೆ ಮೇಲಿಂದ ಮೇಲೆ ಬಿದ್ದಳು, ಪ್ರತಿ ಸಲವೂ ಅವಳಿಗೆ ಎಲೆ ಕೂಡಿ ಆ ಒಂದು ಹಿಡಿ ಇಮ್ಮಡಿಯಾಗುತ್ತ ಹೋಗಿ, ಕೊನೆಗೆ ಅವನ ಮುಂದೆ ಒಂದು ಬಿಲ್ಲೆಯೂ ಉಳಿಯಲಿಲ್ಲ. ಚಿಕ್ಕಳಿಯ ಎದ್ದು ಅವಳ ಕೈಯನ್ನೂ ಅಣ್ಣನ ಕೈಯನ್ನೂ ಕುಲುಕಿದ. ದೊಡ್ಡಳಿಯ ಬಯಸಿದ್ದು ಬಯಸಿದ ಹಾಗೇ ಆಯಿತು.

ಸಂಜೆ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದರು. ಸುದ್ದಿ ಹೇಳುವ ಕೆಲಸವನ್ನು ಚಿಕ್ಕಳಿಯ ತಾನೇ ವಹಿಸಿಕೊಂಡ. ಅಣ್ಣ ಹೇಗೆ ಆಡಿದರು, ಹೇಗೆ ಹೊಡೆದರು ಎಂದೆಲ್ಲ ಬಣ್ಣಿಸಿದ. ಮೂರು ಹತ್ತು ಬಿಟ್ಟ ವಿಷಯ ಮಾತಿನ ನಡುವೆ ಬಂದುಹೋಯಿತು. ಅತ್ತೆ ಹಿಡಿದುಕೊಂಡದ್ದು ಅದನ್ನೇ.

“ಕೈಲಿದ್ದದ್ದನ್ನ ಹಾಗೆ ಬಿಡೋಕೆ ಎಷ್ಟು ದೊಡ್ಡ ಮನಸ್ಸಿರಬೇಕು,” ಎಂದರು. ಚಿಕ್ಕ ಮಗಳು ಗಂಡನ ಕಡೆ ನೋಡಿದ ನೋಟವನ್ನು ದೊಡ್ಡಳಿಯ ನೋಡಿದ. ಅವನ ಹೆಂಡತಿಯೂ ತಲೆಯಾಡಿಸುತ್ತಿದ್ದಳು. ಕುರ್ಚಿ ಸಿಕ್ಕಿದ್ದು ತನಗೆ, ಹೊಗಳಿಕೆ ಮಾತ್ರ ಅವನಿಗೆ.

“ಮನಸ್ಸಲ್ಲ ಅತ್ತೆ,” ಎಂದು ಚಿಕ್ಕಳಿಯ ನಕ್ಕ. “ಅಣ್ಣನ ಸಾಲು ಆಗಿತ್ತು. ಇಲ್ಲದಿದ್ರೆ ಅವರು ನನ್ನ ಮೇಲೆ ಬರ್ತಾರಾ?”

ದೊಡ್ಡಳಿಯ ಬಾಯಿಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೆಂಡ ಬಿಡಲಿಲ್ಲ. ಇವನು ಬುದ್ಧಿವಂತಿಕೆಯಿಂದ ಬಿಡಲಿಲ್ಲ, ಮೋಸಹೋಗಿ ಬಿಟ್ಟ ಎಂದು ಎಲ್ಲರಿಗೂ ತಿಳಿಯಲೇಬೇಕಿತ್ತು.

“ಏಳು ಇತ್ತು,” ಎಂದ. “ಎಂಟು ಇರಲಿಲ್ಲ. ಏನೂ ಕೂಡಿರಲಿಲ್ಲ, ಬರೀ ಡ್ರಾ. ಗೆದ್ದಿದ್ದ ಕೈ ಬಿಟ್ಟೆ ನೀನು.”

ಯಾರಾದರೂ ನಗುತ್ತಾರೆಂದು ಕಾದ. ಚಿಕ್ಕಳಿಯ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಕೆಟ್ಟ ಯಂತ್ರದೊಳಗೆ ಇಣುಕುವವನ ಹಾಗೆ ಹುಬ್ಬುಗಂಟಿಕ್ಕಿ ಯೋಚಿಸಿದ.

“ಬೇಕರಿ ಅಕ್ಕನ ಹತ್ರ ಒಂದು ಹಿಡಿ ಇತ್ತಲ್ಲ ಅಣ್ಣ? ಸುಮ್ಮನಿದ್ದಿದ್ರೆ ಇಬ್ರೂ ಹೋಗ್ತಿದ್ವಿ. ನೀವೇ ಹೇಳಿಕೊಟ್ಟಿದ್ದು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ ಪಾಠವನ್ನು ಇನ್ನೊಮ್ಮೆ ಕೇಳುವವನ ದನಿ ಅದು. “ಮತ್ತೆ ನನ್ನ ಮೇಲೆ ಯಾಕೆ ಬಂದ್ರಿ?”

ದೊಡ್ಡಳಿಯ ಉತ್ತರಕ್ಕಾಗಿ ಇಡೀ ಆಟವನ್ನು ತಡಕಾಡಿದ. ಆಟದೊಳಗೆ ಅದಕ್ಕೆ ಉತ್ತರವಿರಲಿಲ್ಲ. ಅವನ ಹೆಂಡತಿ ತಟ್ಟೆ ನೋಡುತ್ತ ಕೂತಳು.

ಎಲೆಯಾಟದ ಗಂಧಗಾಳಿ ಇಲ್ಲದ ಅತ್ತೆಗೆ ಎಲ್ಲರಿಗಿಂತ ಮೊದಲು ಅರ್ಥವಾಗಿತ್ತು. “ಅನ್ನ ಆರುತ್ತೆ, ಊಟ ಮಾಡಿ,” ಎಂದು ಎದ್ದರು. ಬಹಳ ವರ್ಷಗಳ ಮೇಲೆ ಅಂದು ಮೊದಲು ದೊಡ್ಡಳಿಯನಿಗೇ ಬಡಿಸಿದರು. ಇನ್ನೊಂದಿಷ್ಟು ಹಾಕಲಾ, ಸಾಕಾ, ಸಂಕೋಚ ಪಡಬೇಡಿ ಎಂದು ಉಪಚರಿಸುತ್ತ, ಮನೆಗೆ ಬಂದ ಪರಿಚಯವಿಲ್ಲದವರಿಗೆ ಬಡಿಸುವ ಹಾಗೆ ಬಡಿಸಿದರು.