ನಾಲ್ಕು ಸ್ಕ್ರೂಗಳ ಮುಚ್ಚಳ

ಜಟ್ಟೆಪ್ಪನಿಗೆ ಆ ಮನೆಯ ಮೆಟ್ಟಿಲು ಹತ್ತುವ ಮನಸ್ಸೇ ಇರಲಿಲ್ಲ. ಪುಣೆಯ ಬಿಬವೇವಾಡಿಯಲ್ಲಿ ಏಸಿ ರಿಪೇರಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅದರಲ್ಲಿ ಹನ್ನೊಂದು ವರ್ಷ ಅರಿವೆ ವ್ಯಾಪಾರಿ ಮುರುಗೆಪ್ಪನವರ ಓಣಿ ತಪ್ಪಿಸಿ ಸುತ್ತುಬಳಸಿ ಓಡಾಡಿದ್ದ. ಈಗ ಅವರ ಸೊಸೆ ಶಿವಾನಿ, ಏಸಿಗೆ ಅಂಟಿಸಿದ್ದ ಹಳೆಯ ಚೀಟಿಯಲ್ಲಿ ನಂಬರು ನೋಡಿ ಫೋನ್ ಮಾಡಿದ್ದಳು. "ಕಾಕಾ, ಮಾವಾರಿಗೆ ಶೆಕಿ ತಡಿಯಾಕ ಆಗವಲ್ದು, ಲಗೂನ ಬರ್ರಿ" ಎಂದವಳಿಗೆ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

ಮುರುಗೆಪ್ಪನವರು ಜೋಕಾಲಿಯ ಮೇಲೆ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಎಂಬತ್ತು ದಾಟಿದ ಜೀವ. ಬಂದವನು ಯಾರೋ ಕಂಪನಿಯವನೆಂದುಕೊಂಡು ಮರಾಠಿಯಲ್ಲಿ "ಯಾ, ಯಾ" ಎಂದು ಒಳಗೆ ಕರೆದರು. ಯಾರ ಒಂದು ಮಾತಿಗಾಗಿ ಇವನು ಸಂಸಾರಕ್ಕೆ ಬೆಂಕಿ ಹಚ್ಚಿಕೊಂಡಿದ್ದನೋ, ಆ ಮನುಷ್ಯರಿಗೆ ಇವನ ಗುರುತೇ ಇಲ್ಲ!

ಹೊರಗಿನ ಯುನಿಟ್ಟು ಮನೆಯ ಮೇಲಿನ ಗಚ್ಚಿಯಲ್ಲಿತ್ತು. ಅದೇ ಹಳೆಯ ಘಡಘಡ ಸಪ್ಪಳ. ಜಟ್ಟೆಪ್ಪ ಅದನ್ನು ಬಂದ್ ಮಾಡಿ, ಕಂಪ್ರೆಸರ್ ಕಡೆಯ ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳವನ್ನು ಬಿಸಿಲಿಗೆ ಅಂಗಾತ ಇಟ್ಟ. ಅದರ ಒಳಮೈಯಲ್ಲಿ ಕಪ್ಪು ಮಾರ್ಕರಿನ ಕನ್ನಡ ಅಕ್ಷರಗಳಿದ್ದವು.

"ಮಾಮಾ, ಹೊಸಾ ಕಂಪ್ರೆಸರ್ ಹಾಕೀನ್ರಿ. ಸಪ್ಪಳಾ ಅದರದಲ್ಲ, ಫ್ಯಾನಿನ ಬ್ರ್ಯಾಕೆಟ್ ಸಡ್ಲ ಆಗೇದ. ಮುಂದಿನ ಸಲ ಬರೂವಾಗ ಹೊಸಾದು ತರ್ರಿ. ಮಾಂತು. ೧೮ ಏಪ್ರಿಲ್ ೨೦೧೪."

ಜಟ್ಟೆಪ್ಪ ಬಗ್ಗಿ, ಕಂಪ್ರೆಸರಿನ ಮೇಲೆ ತಯಾರಾದ ವರ್ಷ ಬರೆದ ಪಟ್ಟಿ ಒರೆಸಿ ನೋಡಿದ. ಅದೂ ೨೦೧೪ರದೇ. ಕಾದ ಗಚ್ಚಿಯ ಮೇಲೆ ಹಾಗೆಯೇ ಕುಕ್ಕರಿಸಿದ.

ಮಾಂತು ಎಂದರೆ ಹೆಂಡತಿ ರೇಣುವಿನ ಒಬ್ಬನೇ ತಮ್ಮ; ಅಕ್ಕನ ಗಂಡನನ್ನು ಮಾಮಾ ಎಂದೇ ಕರೆಯುತ್ತಿದ್ದ. ಅವನ ಕೈಗೆ ಪಾನಾ, ಸ್ಕ್ರೂಡ್ರೈವರು ಕೊಟ್ಟು ಕಸುಬು ಕಲಿಸಿದವನೂ ಜಟ್ಟೆಪ್ಪನೇ. ಇಬ್ಬರದೂ ಒಂದು ಪದ್ಧತಿಯಿತ್ತು: ಯಾರು ಮಷೀನು ಬಿಚ್ಚಿದರೂ, ಮಾಡಿದ್ದೇನು, ಉಳಿದದ್ದೇನು ಎಂದು ಮುಚ್ಚಳದ ಒಳಗೆ ಕನ್ನಡದಲ್ಲಿ ಬರೆದಿಡಬೇಕು, ಮುಂದಿನ ಸಲ ಹೋದವನು ಓದಬೇಕು. ಪುಣೆಯಲ್ಲಿ ಬೇರೆ ಯಾವ ಮೆಕ್ಯಾನಿಕ್‌ನ ಅಪ್ಪನಿಗೂ ಇದು ತಿಳಿಯುವುದಿಲ್ಲ ಎಂದು ನಗಾಡುತ್ತಿದ್ದರು. ನಡುವೆ ಬಂದುಹೋದವರು ಈ ಬರಹವನ್ನು ಕಂಡು ಏನೋ ಗೀಚಿದ್ದಾರೆ ಎಂದು ಮತ್ತೆ ಮುಚ್ಚಿರಬೇಕು.

ಆ ಏಪ್ರಿಲ್‌ನಲ್ಲಿ ಮುರುಗೆಪ್ಪನವರು ಅಂಗಡಿಗೇ ಬಂದು, ಊರ ಕಡೆಯ ನಾಲ್ಕು ಜನರೆದುರು ಗುಡುಗಿದ್ದರು. "ಹೊಸಾ ಕಂಪ್ರೆಸರ್ ಡಬ್ಬಿ ಬಂದಂಗ ಹೊಳ್ಳಿ ಹೋತು. ಮಷೀನ್ ಮೊದಲಿನಂಗ ಒದರಾಕತ್ತೇದ. ನಿನ್ನ ಹೆಂಡ್ತಿ ತಮ್ಮ ಕೈಚಳಕ ತೋರ್ಸ್ಯಾನ ನೋಡು!"

ಅಯ್ಯ ಜಟ್ಟೆಪ್ಪಾ, ನಿನಗೇನಾಗಿತ್ತು ಧಾಡಿ? ಹಳೆಯ ಕಂಪ್ರೆಸರನ್ನು ಹೊಸದರ ಡಬ್ಬಿಯಲ್ಲೇ ತುಂಬಿ ಗುಜರಿಗೆ ಒಯ್ಯುವುದು ಈ ಕಸುಬಿನವರೆಲ್ಲರ ರೂಢಿ. ನೀನೇ ನೂರಾರು ಸಲ ಒಯ್ದವನು, ಅದು ಹೊಳೆಯಬೇಡವೇ? ಹೊಳೆದಿತ್ತು. ಸುಳ್ಳು ಯಾಕೆ, ಆಗಲೇ ಹೊಳೆದಿತ್ತು. ಆದರೆ ಊರ ಹಿರಿಯರು ಮಾತಾಡಿದ ಮೇಲೆ ಅವರ ಗಚ್ಚಿ ಹತ್ತಿ ಮುಚ್ಚಳ ಬಿಚ್ಚುವುದೆಂದರೆ, ನಿಮ್ಮ ಮಾತಿನಲ್ಲಿ ನಂಬಿಕೆಯಿಲ್ಲ ಎಂದು ಮುಖದ ಮೇಲೆ ಹೇಳಿದಂತೆ. ಆ ಧೈರ್ಯ ಇವನಿಗಿರಲಿಲ್ಲ. ಅದಕ್ಕೇ ದಸರೆಗೆ ಪೂಜೆ ಮಾಡುವ ಹತ್ಯಾರದ ಪೆಟ್ಟಿಗೆಯನ್ನು ತಂದು ಮಾಂತುವಿನ ಮುಂದಿಟ್ಟ.

"ಇದರ ಮ್ಯಾಲ ಕೈ ಇಟ್ಟು ಆಣಿ ಮಾಡು."

"ಆಣಿ ಯಾಕ್ರಿ ಮಾಮಾ? ಹೋಗಿ ಮುಚ್ಚಳಾ ತಗದು ನೋಡ್ರಿ."

"ಮಾಡ್ತೀಯೋ ಇಲ್ಲೋ?"

"ಮಾಡಂಗಿಲ್ರಿ. ತಗದು ನೋಡ್ರಿ."

ಆಣೆಗೆ ಅಂಜಿದವನೇ ಕಳ್ಳ ಎಂದು ಅಲ್ಲಿದ್ದವರು ತೀರ್ಮಾನಿಸಿದರು. ಜಟ್ಟೆಪ್ಪ ಅವನನ್ನು ಅಂಗಡಿಯಿಂದ ಹೊರಗೆ ಹಾಕಿದ. ಸುದ್ದಿ ಹಬ್ಬಿ ಬಿಬವೇವಾಡಿಯ ಒಂದು ಕನ್ನಡದ ಮನೆಯೂ ಮಾಂತುವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನು ತಳೇಗಾಂವ ದಾಭಾಡೆಗೆ ಹೋಗಿ ಫ್ಯಾಕ್ಟರಿ ಸೇರಿದ. ಕಳ್ಳನ ಮನೆಗೆ ಕಾಲಿಟ್ಟರೆ ಹೊಳ್ಳಿ ಬರಬೇಡ ಎಂದು ಜಟ್ಟೆಪ್ಪ ಹೆಂಡತಿಗೆ ತಾಕೀತು ಮಾಡಿದ. ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರಪಂಚಮಿಗೆ ಪ್ರತಿ ವರ್ಷ ರೇಣು ತಮ್ಮನ ಹೆಸರಿನಲ್ಲಿ ಒಂದು ಡಬ್ಬಿ ಶೇಂಗಾದ ಉಂಡಿ ತೆಗೆದಿಡುತ್ತಿದ್ದಳು. ವಾರ ಕಳೆದ ಮೇಲೆ ಅದನ್ನು ನೆರೆಮನೆಯವರಿಗೆ ಕೊಡುತ್ತಿದ್ದಳು.

ಕೂತಿದ್ದ ಗಚ್ಚಿಯಿಂದ ಎದ್ದು ಜಟ್ಟೆಪ್ಪ ಮುಚ್ಚಳದ ಫೋಟೋ ತೆಗೆದುಕೊಂಡ. ಹೇಗೋ ಗ್ಯಾಸ್ ತುಂಬಿ ಕೆಳಗಿಳಿದು ಜೋಕಾಲಿಯ ಮುಂದೆ ನಿಂತ.

"ಸಾವ್ಕಾರ್ರ, ಮಾಂತು ಹೊಸಾದೇ ಹಾಕಿದ್ದನ್ರಿ."

"ಯಾಂವ ಮಾಂತು?" ಎಂದರು ಮುರುಗೆಪ್ಪನವರು. ತಣ್ಣನೆ ಗಾಳಿಗೆ ಅವರ ಕಣ್ಣು ಮುಚ್ಚುತ್ತಿದ್ದವು.

ಜಟ್ಟೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮರೆತ ಮುದುಕನ ಮೇಲೆ ಏನೆಂದು ಹಾರಾಡುವುದು? ಅವರು ಹೇಳಿದ್ದು ಒಂದು ಮಾತು. ಉಳಿದದ್ದನ್ನೆಲ್ಲ ಮಾಡಿದವನು ತಾನೇ.

ಮರುದಿನ ಶಿವಾಜಿನಗರದಲ್ಲಿ ಲೋಕಲ್ ರೈಲು ಹಿಡಿದು ತಳೇಗಾಂವಕ್ಕೆ ಹೋದ. ಫ್ಯಾಕ್ಟರಿ ಗೇಟಿನೆದುರಿನ ಚಹಾದ ಗಾಡಿಯ ಹತ್ತಿರ ಕಾಯುತ್ತ ನಿಂತಾಗ ಚಹಾದ ಬಿಡುವಿಗೆ ಮಾಂತು ಹೊರಗೆ ಬಂದ. ಮೀಸೆ ಬೆಳ್ಳಗಾಗಿತ್ತು. ಜಟ್ಟೆಪ್ಪ ಫೋನಿನ ಫೋಟೋ ಅವನ ಮುಂದೆ ಹಿಡಿದ.

ಮಾಂತು ತನ್ನ ಅಕ್ಷರವನ್ನು ಬಹಳ ಹೊತ್ತು ನೋಡಿದ.

"ತಪ್ಪಾತೋ ಮಾಂತೂ. ಭಾಳ ದೊಡ್ಡ ತಪ್ಪಾತು. ಪೆಟ್ಟಿಗಿ ಮ್ಯಾಲ ಕೈ ಇಟ್ಟು ಹೇಳ್ತೀನಿ..."

"ಆಣಿ ಬ್ಯಾಡ್ರಿ ಮಾಮಾ," ಎಂದ ಮಾಂತು. "ನಾ ಏನು ತಿಳ್ಕೊಂಡಿದ್ದೆ ಗೊತ್ತೇನ್ರಿ? ಮಾಮಾ ಸಿಟ್ಟಿನ್ಯಾಗ ಅಂದಾರ, ನಾಳೆ ತಗದು ನೋಡ್ತಾರ, ಸಂಜಿಕ ಕರಿಯಾಕ ಬರ್ತಾರ ಅಂತ. ಒಂದ ತಿಂಗಳ ಫೋನ್ ಕೈಯಾಗೇ ಹಿಡ್ಕೊಂಡಿದ್ದೆ."

ಜಟ್ಟೆಪ್ಪನ ಕಣ್ಣಲ್ಲಿ ನೀರು ಬಂತು. ಅಂಗಡಿಗೆ ಬಾ, ಮನೆಗೆ ಬಾ, ಎಲ್ಲ ಮೊದಲಿನಂತಾಗಲಿ ಎಂದು ಅಂಗಲಾಚಿದ. ಮಾಂತು ಅಡ್ಡಡ್ಡ ತಲೆಯಾಡಿಸಿದ.

"ಬರಂಗಿಲ್ರಿ. ಈ ಸಲ ಪಂಚಮಿಗೆ ಅಕ್ಕನ್ನ ನಮ್ಮನಿಗೆ ಕಳಸ್ರಿ, ಸಾಕು." ಗೇಟಿನ ಕಡೆ ಎರಡು ಹೆಜ್ಜೆ ಹಾಕಿ ತಿರುಗಿದ. "ಬ್ರ್ಯಾಕೆಟ್ ಹಾಕಿದ್ರೇನ್ರಿ?"

ಇಲ್ಲ. ಅವಸರದಲ್ಲಿ ಅದನ್ನೂ ಮರೆತು ಬಂದಿದ್ದ.

ಸಂಜೆ ಮನೆಯಲ್ಲಿ ರೇಣು ರೊಟ್ಟಿ ಬಡಿಯುತ್ತಿದ್ದಳು. ಜಟ್ಟೆಪ್ಪ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಫೋನು ಇಸಿದುಕೊಂಡಳು. ತಮ್ಮನ ಬರಹವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಡೆಯ ಸಾಲಿನ ತಾರೀಖನ್ನು ಎರಡು ಸಲ ಓದಿದಳು. ಅಳುತ್ತಾಳೆ, ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಈ ಮುಚ್ಚಳಕ್ಕ ಎಷ್ಟು ಸ್ಕ್ರೂ ಇರ್ತಾವ್ರಿ?" ಎಂದು ಕೇಳಿದಳು.

"ನಾಕು," ಎಂದ ಜಟ್ಟೆಪ್ಪ.

ರೇಣು ಫೋನನ್ನು ಅವನ ಕೈಗೆ ಕೊಟ್ಟು, ಮತ್ತೆ ಒಲೆಯ ಮುಂದೆ ನಿಂತು, ಕರಕಾಗುತ್ತಿದ್ದ ರೊಟ್ಟಿಯನ್ನು ಹೊರಳಿಸಿದಳು.